ಮಗಳ ಬೆಳವಣಿಗೆಯ ಫೋಟೋ, ಸುದ್ದಿ ನೆಂಟರಿಗೆ ಕಳಿಸೋದು: ಎಲ್ಲಿಡೋದು, ಹೇಗೆ ಕಳಿಸೋದು, ಏನು ಬಿಡೋದು?

ವಿದ್ಯಾನಗರ_ಅಪ್ಪ (ದಾವಣಗೆರೆ)

ಮಗಳಿಗೆ 3 ತಿಂಗಳು. ತಾಯಿ-ಮಗು ಚಿತ್ರದುರ್ಗದ ತವರಲ್ಲಿದ್ದಾರೆ, ಅಪ್ಪನ ಕಡೆಯವರು ದಾವಣಗೆರೆಯಲ್ಲಿ. ಮುತ್ತಜ್ಜಿ ಇರೋದು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ, ಕೈಯಲ್ಲಿ ಬಟನ್ ಫೋನು. ಸೋದರತ್ತೆ ನ್ಯೂಜೆರ್ಸಿ, ಚಿಕ್ಕಪ್ಪ ದುಬೈ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 64 ಜನ, ಅದರಲ್ಲಿ ಅರ್ಧ ಮಂದಿಯ ಗುರುತೇ ಇಲ್ಲ. ಫೋಟೋ ಹಾಕಿದ ಹತ್ತು ನಿಮಿಷಕ್ಕೆ ಯಾರದೋ ಸ್ಟೇಟಸ್‌ನಲ್ಲಿ ಬರುತ್ತೆ. ಹಾಕದಿದ್ದರೆ "ನಮಗೆ ತೋರಿಸೋದೇ ಇಲ್ಲ" ಅಂತ ಮುನಿಸು.

ಕೇಳೋದು ಇಷ್ಟು: ಫೋಟೋ, ವಿಡಿಯೊ ಎಲ್ಲಿಡಬೇಕು? ಯಾರಿಗೆ ಯಾವ ದಾರಿಯಲ್ಲಿ ಕಳಿಸಬೇಕು? ಬೋರಲು ಬಿದ್ದಳು, ಕೂತಳು ಅನ್ನೋದನ್ನ ಬರೆದಿಡೋಕೆ ಸರಿಯಾದ ಕ್ರಮ ಏನು?

ಕುಂದುವಾಡ_ಕೆರೆ

ಮೊದಲು ಒಂದು ಗೆರೆ ಎಳ್ಕೊಳ್ಳಿ. ಇಡೋ ಜಾಗ ಬೇರೆ, ಕಳಿಸೋ ದಾರಿ ಬೇರೆ. ವಾಟ್ಸಾಪ್ ಬರೀ ದಾರಿ. ಅದನ್ನೇ ಪೆಟ್ಟಿಗೆ ಮಾಡ್ಕೊಂಡ್ರೆ ಫೋನ್ ಬದಲಾಯಿಸಿದ ದಿನ, ಇಲ್ಲಾ ಗುಂಪಿನಲ್ಲಿ ಯಾರೋ ಮೆಸೇಜ್ ತಾನೇ ಅಳಿಯೋ ಹಾಗೆ 90 ದಿನಕ್ಕೆ ಇಟ್ಟಿದ್ದಾರೆ ಅಂತ ಗೊತ್ತಾದ ದಿನ, ಕೈ ಖಾಲಿ.

ಇಡೋದಕ್ಕೆ ಗೂಗಲ್ ಫೋಟೋಸ್ ಸಾಕು, ಆದರೆ ಲೆಕ್ಕ ಗೊತ್ತಿರಲಿ. ಪುಕ್ಕಟೆ ಸಿಗೋದು 15 ಜಿಬಿ. ಅದೇ 15ರಲ್ಲಿ ಜಿಮೇಲ್, ಡ್ರೈವ್ ಕೂಡ ಬರುತ್ತೆ. ‘ಸ್ಟೋರೇಜ್ ಸೇವರ್’ (ಫೋಟೋ ಕುಗ್ಗಿಸಿ ಇಡೋ ಆಯ್ಕೆ) ಇಟ್ಟರೆ ಲೆಕ್ಕಕ್ಕೆ ಬರಲ್ಲ ಅನ್ನೋದು ಹಳೇ ಮಾತು, ಜೂನ್ 2021ರಿಂದ ಅದೂ ಬರುತ್ತೆ. 12 ಮೆಗಾಪಿಕ್ಸೆಲ್ ಫೋಟೋ ಒಂದಕ್ಕೆ ಸುಮಾರು 3.5 ಎಂಬಿ. ದಿನಕ್ಕೆ 10 ತೆಗೆದರೂ ತಿಂಗಳಿಗೆ 1 ಜಿಬಿ ಆಸುಪಾಸು. ಜಾಗ ತಿನ್ನೋದು ವಿಡಿಯೊ. 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 100 ಎಂಬಿ ಹಿಡೀರಿ; ದಿನಕ್ಕೆ ಎರಡು ನಿಮಿಷ ಅಂದ್ರೆ ತಿಂಗಳಿಗೆ 6 ಜಿಬಿ. ಹೆಸರಿಡೋಕೆ ಮುಂಚೆಯೇ ಖಾತೆ ತುಂಬೋದು ಹೀಗೆ. ಅದಕ್ಕೇ ವಿಡಿಯೊ 20ರಿಂದ 30 ಸೆಕೆಂಡಿಗೆ ನಿಲ್ಲಿಸಿ, 4ಕೆ ಆಫ್ ಮಾಡಿ.

ನೆಂಟರಿಗೆ ತೋರಿಸೋಕೆ ಅದರಲ್ಲೇ ಒಂದು ಹಂಚಿಕೆ ಆಲ್ಬಮ್ ಮಾಡಿ. ಆಲ್ಬಮ್‌ನ ಆಯ್ಕೆಗಳಲ್ಲಿ ಮೂರು ಸ್ವಿಚ್ ನೋಡಬೇಕು. ಲಿಂಕ್ ಹಂಚಿಕೆ ಆಫ್, ಯಾಕಂದ್ರೆ ಆನ್ ಇದ್ದರೆ ಲಿಂಕ್ ಸಿಕ್ಕ ಯಾರು ಬೇಕಾದರೂ, ಗೂಗಲ್ ಖಾತೆ ಇಲ್ಲದವರೂ, ನೋಡಬಹುದು. ಆಫ್ ಮಾಡಿ ಜಿಮೇಲ್ ವಿಳಾಸದಿಂದ ಒಬ್ಬೊಬ್ಬರನ್ನೇ ಸೇರಿಸಿ. ಫೋಟೋದ ಸ್ಥಳ ತೋರಿಸೋದು ಆಫ್. ಇನ್ನು ಬೇರೆಯವರು ಫೋಟೋ ಸೇರಿಸೋ ಅವಕಾಶವನ್ನ ತೊಟ್ಟಿಲಿಗೆ ಹಾಕೋ ದಿನಕ್ಕೆ ಮಾತ್ರ ಆನ್ ಮಾಡಿ, ಮರುದಿನ ಆಫ್ ಮಾಡಿ. ಇಲ್ಲದಿದ್ದರೆ "ಶುಭೋದಯ" ಗುಲಾಬಿ ಹೂವೂ ಮಗಳ ಆಲ್ಬಮ್‌ಗೆ ಬಂದು ಕೂರುತ್ತೆ.

ಇನ್ನೊಂದು ನಕಲು ಕಂಪ್ಯೂಟರ್‌ನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇರಲೇಬೇಕು. ಫೋನಲ್ಲಿ ‘ಜಾಗ ಖಾಲಿ ಮಾಡಿ’ ಒತ್ತೋ ಮುಂಚೆ ಬ್ಯಾಕಪ್ ನಿಜಕ್ಕೂ ಮುಗಿದಿದೆಯಾ ನೋಡಿ. ವೈಫೈ ಇದ್ದಾಗ ಮಾತ್ರ ಬ್ಯಾಕಪ್ ಅಂತ ಇಟ್ಟು, ತವರಿನಲ್ಲಿ ವೈಫೈ ಇಲ್ಲದೆ, ಮೂರು ತಿಂಗಳು ಒಂದೂ ಮೇಲೆ ಹೋಗದೇ ಇರೋದು ಬಾಣಂತನದಲ್ಲಿ ಮಾಮೂಲು ತಪ್ಪು.

ಮಂಡಕ್ಕಿ_ಮಿರ್ಚಿ

ವಾಟ್ಸಾಪ್‌ನಲ್ಲೇ ಕಳ್ಸೋದಾದ್ರೆ ಫೋಟೋ ಆಗಿ ಕಳ್ಸ್‌ಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳ್ಸ್ರಿ. ಮಾಮೂಲಿ ಕಳ್ಸಿದ್ರೆ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಸಿಬಿಡ್ತದೆ. ಎಚ್‌ಡಿ ಒತ್ತಿದ್ರೆ ಅದಕ್ಕಿಂತ ವಾಸಿ. ಡಾಕ್ಯುಮೆಂಟ್ ಆದ್ರೆ ಇದ್ದದ್ದು ಇದ್ದಂಗೇ ಹೋಗ್ತದೆ, 2 ಜಿಬಿ ಮಟ. ಆಮೇಲೆ, ಬಂದ ಫೋಟೋನ ಸ್ಟೇಟಸ್‌ನಿಂದ ಸ್ಕ್ರೀನ್‌ಶಾಟ್ ಹೊಡೆದು ಮುಂದೆ ಕಳ್ಸೋ ಅತ್ತಿಗೆಗಳಿಗೆ ಒಂದು ಮಾತು ಹೇಳ್ರಿ, ಮಗು ಮುಖ ಹಿಟ್ಟು ಮೆತ್ತಿದಂಗೆ ಕಾಣೋದು ಅದಕ್ಕೇ.

ಕೋಟೆ_ಕಲ್ಲು (ಚಿತ್ರದುರ್ಗ)

ಡಾಕ್ಯುಮೆಂಟ್ ವಿಚಾರಕ್ಕೆ ಒಂದು ತಿದ್ದುಪಡಿ. ಇದ್ದದ್ದು ಇದ್ದಂಗೇ ಹೋಗುತ್ತೆ ಅಂದ್ರೆ ಫೋಟೋದೊಳಗಿನ ಮಾಹಿತಿಯೂ ಹೋಗುತ್ತೆ. ಕ್ಯಾಮೆರಾದಲ್ಲಿ ಲೊಕೇಶನ್ ಟ್ಯಾಗ್ ಆನ್ ಇದ್ದರೆ ಮನೆಯ ಅಕ್ಷಾಂಶ-ರೇಖಾಂಶ ಅದರಲ್ಲೇ ಇರುತ್ತೆ. ಮಾಮೂಲಿ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನ ತೆಗೆದುಹಾಕುತ್ತೆ, ಡಾಕ್ಯುಮೆಂಟ್‌ನಲ್ಲಿ ತೆಗೆಯಲ್ಲ. ಆದ್ದರಿಂದ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಸ್ಥಳ ಸೇರಿಸೋದನ್ನ ಆಫ್ ಮಾಡಿ. ಪ್ರಿಂಟ್ ಹಾಕಿಸೋರಿಗೆ ಮಾತ್ರ ಡಾಕ್ಯುಮೆಂಟ್, ಉಳಿದ 60 ಜನಕ್ಕೆ ಮಾಮೂಲಿದೇ ಧಾರಾಳ.

64 ಜನರ ಗುಂಪನ್ನ ಹಾಗೇ ಬಿಟ್ಟು, ಹತ್ತಿರದವರಿಗೆ ಬೇರೆ ಸಣ್ಣ ಗುಂಪು ಮಾಡಿ. ಎರಡೂ ಕಡೆ ಅಜ್ಜ-ಅಜ್ಜಿ, ಸೋದರಮಾವ, ಸೋದರತ್ತೆ, ಚಿಕ್ಕಪ್ಪ-ದೊಡ್ಡಪ್ಪ, 12 ದಾಟದಿರಲಿ. ಗುಂಪಿನ ಅನುಮತಿಗಳಲ್ಲಿ ಹೊಸಬರನ್ನ ಸೇರಿಸೋದು ಅಡ್ಮಿನ್‌ಗೆ ಮಾತ್ರ ಅಂತ ಇಡಿ. ‘ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ’ ಆನ್ ಮಾಡಿದರೆ ಫೋಟೋ ಎಲ್ಲರ ಗ್ಯಾಲರಿಗೆ ತಾನಾಗಿಯೇ ಇಳಿಯಲ್ಲ, ಚಾಟನ್ನ ಎಕ್ಸ್‌ಪೋರ್ಟ್ ಮಾಡೋಕೂ ಬರಲ್ಲ. ಸ್ಕ್ರೀನ್‌ಶಾಟನ್ನ ಅದು ತಡೆಯಲ್ಲ. ಅದಕ್ಕೆ ಬಾಯಿಮಾತೇ ಗತಿ.

ದೊಡ್ಡ ಗುಂಪಿಗೆ ತಿಂಗಳಿಗೊಂದು ಫೋಟೋ ಹಾಕಿ, ಅಷ್ಟು ಸಾಕು.

ತೊಟ್ಟಿಲ_ಹಗ್ಗ

ಆ ಬಾಯಿಮಾತು ಹೆಂಗಿರಬೇಕು ಅನ್ನೋದೇ ಕಷ್ಟದ ಕೆಲಸ. "ದಯವಿಟ್ಟು ಖಾಸಗಿತನ ಗೌರವಿಸಿ" ಅಂತ ಹಾಕಿದ್ರೆ ದೊಡ್ಡಪ್ಪನಿಗೆ ಕೋರ್ಟ್ ನೋಟಿಸ್ ಬಂದಂಗೆ. ಇದನ್ನ ಬೇಕಾದಂಗೆ ತಿದ್ದಿಕೊಳ್ಳಿ:

"ಎಲ್ಲರಿಗೂ ನಮಸ್ಕಾರ. ಪಾಪು ಫೋಟೋ ಪ್ರತಿ ಭಾನುವಾರ ಸಂಜೆ ಇಲ್ಲೇ ಹಾಕ್ತೀವಿ. ಮನೆಯಲ್ಲಿ ಎಲ್ಲರಿಗೂ ತೋರಿಸಿ. ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ, ಬೇರೆ ಗುಂಪಿಗೆ ಮಾತ್ರ ಹಾಕಬೇಡಿ. ಯಾರಿಗಾದರೂ ಕಳಿಸಬೇಕು ಅನ್ನಿಸಿದರೆ ನಮಗೊಂದು ಮಾತು ಹೇಳಿ, ನಾವೇ ಕಳಿಸ್ತೀವಿ. ಮನೆಗೆ ಬಂದಾಗ ತೆಗೆದ ಫೋಟೋಕ್ಕೂ ಇದೇ."

ಇದನ್ನ ಯಾರು ಹಾಕ್ತಾರೆ ಅನ್ನೋದು ಬರಹಕ್ಕಿಂತ ಮುಖ್ಯ. ಗಂಡನ ಕಡೆಯವರಿಗೆ ಗಂಡನೇ ಹೇಳಬೇಕು, ಹೆಂಡತಿ ಕಡೆಯವರಿಗೆ ಹೆಂಡತಿ. ಅತ್ತೆಮನೆಯವರಿಗೆ ಸೊಸೆ ಹೇಳಿದ್ರೆ "ಈಗಲೇ ಶುರುವಾಯ್ತು" ಅಂತಾರೆ, ಅದೇ ಮಾತು ಮಗ ಹೇಳಿದ್ರೆ "ಹೌದಪ್ಪ, ಕಾಲ ಕೆಟ್ಟೈತಿ" ಅಂತ ತಲೆ ಆಡಿಸ್ತಾರೆ.

ಮತ್ತೆ ಸರದಿ. ಮಗು ಬೋರಲು ಬಿದ್ದ ಸುದ್ದಿ ದಾವಣಗೆರೆ ಅಜ್ಜಿಗೆ ಓಣಿಯೋರ ಬಾಯಿಂದ ತಿಳೀಬಾರದು. ಗುಂಪಿಗೆ ಹಾಕೋ ಅರ್ಧ ಗಂಟೆ ಮುಂಚೆ ಇಬ್ಬರು ಅಜ್ಜಿಯರಿಗೂ ಬೇರೆ ಬೇರೆ ಕಳಿಸಿ, ಇಲ್ಲಾ ಫೋನ್ ಮಾಡಿ. ಬಾಣಂತನ ಒಂದು ಕಡೆ ಇರುವಾಗ ಇನ್ನೊಂದು ಕಡೆಯ ಮುನಿಸು ಬಹುಪಾಲು ಇಲ್ಲೇ ಹುಟ್ಟೋದು, ಫೋಟೋ ಕಡಿಮೆ ಆಗಿ ಅಲ್ಲ.

ಕಳಿಸಬಾರದ್ದು: ನೀರೆರೆಯೋ ಫೋಟೋ. ಕಾಲ ಮೇಲೆ ಮಲಗಿಸಿಕೊಂಡು ಎರೀತಿರೋದು ಮನೆಯವರ ಕಣ್ಣಿಗೆ ಎಷ್ಟೇ ಚಂದ ಇದ್ದರೂ ಮಗು ಬೆತ್ತಲೆ ಇರೋ ಚಿತ್ರ ಫೋನಿಂದ ಫೋನಿಗೆ ಹೋಗಕೂಡದು. ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ ಪಟ್ಟಿ, ಜನನ ಪ್ರಮಾಣ ಪತ್ರ, ತಾಯಿ ಕಾರ್ಡ್‌ನ ಮೊದಲ ಪುಟ ಇವೂ ಬೇಡ. ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಎಲ್ಲ ಒಂದೇ ಕಡೆ ಇರುತ್ತೆ.

ಅಡಿಕೆ_ಸಿಪ್ಪೆ (ಚನ್ನಗಿರಿ)

ನೆದರಿನ ಮಾತು ಯಾರೂ ಎತ್ತಲಿಲ್ಲ. ಹಿರಿಯರು "ಫೋಟೋ ಹಾಕ್ಬ್ಯಾಡ್ರಿ, ಕಣ್ಣಾಗ್ತದೆ" ಅಂದ್ರೆ ವಾದ ಮಾಡಬ್ಯಾಡ್ರಿ. ನಂಬ್ರಿ, ಬಿಡ್ರಿ, ಅದರಿಂದ ಎರಡು ಲಾಭ ಐತಿ: ಫೋಟೋ ತಡವಾಗಿ ಹೋಗ್ತದೆ, ಕಮ್ಮಿ ಹೋಗ್ತದೆ. ಊರಿಗೆ ಹೊಂಟಾಗ, ಜಾತ್ರ್ಯಾಗ ಇದ್ದಾಗ ಅಲ್ಲಿಂದಲೇ ಹಾಕೋದಕ್ಕಿಂತ ಮನೆಗೆ ಬಂದ ಮ್ಯಾಲೆ ಹಾಕೋದು ಯಾವತ್ತೂ ಚಲೋ. ಕಪ್ಪು ಬೊಟ್ಟು ಕೆನ್ನೆಗೆ, ಹಣೆಗೆ ಇಡ್ರಿ, ಕಣ್ಣೊಳಗೆ ಕಾಡಿಗೆ ಮಾತ್ರ ಹಚ್ಚಬ್ಯಾಡ್ರಿ. ಅಂಗಡಿ ಕಾಡಿಗ್ಯಾಗ ಸೀಸ ಇರಬಹುದು, ಬೆರಳಿಂದ ಸೋಂಕೂ ತಗಲ್ತದೆ.

ಬೋರಲು_ಬಿದ್ದವಳು

ಬರೆದಿಡೋ ಕ್ರಮದ ಬಗ್ಗೆ. ‘ಕೂತಳು’, ‘ನಡೆದಳು’ ಅನ್ನೋ ಮಾತಿಗೆ ಒಬ್ಬೊಬ್ಬರದು ಒಂದೊಂದು ಅಳತೆ. ದಿಂಬಿಗೆ ಒರಗಿಸಿದ್ದನ್ನೂ ಅಜ್ಜಿ ‘ಕೂತಳು’ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಐದು ದೇಶಗಳ ಮಕ್ಕಳನ್ನ ನೋಡಿ ಅಳತೆ ಕೊಟ್ಟಿತು, ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಅದನ್ನೇ ಇಟ್ಟುಕೊಂಡರೆ ಗೊಂದಲ ಇರಲ್ಲ. ಕೂತಳು ಅಂದ್ರೆ ಕೈ ಊರದೆ, ತಲೆ ನೆಟ್ಟಗೆ, 10 ಸೆಕೆಂಡ್. ಅಂಬೆಗಾಲು ಅಂದ್ರೆ ಹೊಟ್ಟೆ ನೆಲಕ್ಕೆ ತಾಗದೆ ಕೈ-ಮಂಡಿ ಮೇಲೆ ಬಿಡದೆ ಮೂರು ಸಲ ಮುಂದಕ್ಕೆ. ನಿಂತಳು ಅಂದ್ರೆ ಏನನ್ನೂ ಹಿಡಿಯದೆ 10 ಸೆಕೆಂಡ್. ನಡೆದಳು ಅಂದ್ರೆ ಆಸರೆ ಇಲ್ಲದೆ ಐದು ಹೆಜ್ಜೆ.

ಅದೇ ಅಧ್ಯಯನದ ಪ್ರಕಾರ ಆಸರೆ ಇಲ್ಲದೆ ಕೂರೋದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5, ತಾನೇ ನಿಲ್ಲೋದು 6.9ರಿಂದ 16.9, ನಡೆಯೋದು 8.2ರಿಂದ 17.6. ಇಷ್ಟು ಅಗಲದ ಬಾಗಿಲು ಇರುವಾಗ "ನಮ್ಮದು ಎಂಟನೇ ತಿಂಗಳಿಗೇ ನಿಂತಿತ್ತು" ಅನ್ನೋ ಮಾತಿಗೆ ಬೆಲೆ ಎಷ್ಟು ಅಂತ ಲೆಕ್ಕ ಹಾಕ್ಕೊಳ್ಳಿ. 100ಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ನೇರ ಎದ್ದು ನಡೆದವು ಅಂತಲೂ ಅದರಲ್ಲಿದೆ.

ಆದರೆ "ತಾನೇ ಆಗ್ತದೆ ಬಿಡು" ಅನ್ನೋದಕ್ಕೂ ಮಿತಿ ಇದೆ. 3 ತಿಂಗಳಾದರೂ ಮುಖ ನೋಡಿ ನಗದಿದ್ದರೆ, ದೊಡ್ಡ ಸದ್ದಿಗೆ ಬೆಚ್ಚದಿದ್ದರೆ, 5 ತಿಂಗಳಾದರೂ ಕತ್ತು ನಿಲ್ಲದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ ಗುಂಪಿನಲ್ಲಿ ಕೇಳ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ತಿಂಗಳು ತುಂಬೋ ಮುಂಚೆ ಹುಟ್ಟಿದ ಮಗುವಿಗೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟು ವಾರ ಕಳೆದು ಎಣಿಸಬೇಕು, ಎರಡು ವರ್ಷದವರೆಗೂ.

ತೂಕ ಗುಂಪಿಗೆ ಹಾಕೋದೇ ಬೇಡ. ಹೆಣ್ಣುಮಗುವಿನ ಮಧ್ಯಮ ತೂಕ 6 ತಿಂಗಳಿಗೆ 7.3 ಕೆಜಿ, ವರ್ಷಕ್ಕೆ 8.9. ಹೆಣ್ಣು ಗಂಡಿಗೆ ಚಾರ್ಟೇ ಬೇರೆ. ಚಿಕ್ಕಪ್ಪನ ಮಗನ ತೂಕದ ಜೊತೆ ಮಗಳ ತೂಕ ಇಟ್ಟು ನೋಡಿ "ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಕೊಡ್ರಿ" ಅನ್ನೋ ಸಲಹೆ ಬರೋದು ಈ ಒಂದು ಸಂಖ್ಯೆಯಿಂದ. ಅದು ತಾಯಿ ಕಾರ್ಡ್‌ನ ಬೆಳವಣಿಗೆ ಚಾರ್ಟ್‌ನಲ್ಲಿರಲಿ, ಗೆರೆ ಮೇಲೆ ಹೋಗ್ತಿದೆಯಾ ಅಂತ ಅಂಗನವಾಡಿಯಲ್ಲಿ ನೋಡ್ತಾರೆ.

ಬರೆಯೋದಕ್ಕೆ 200 ಪುಟದ ನೋಟ್‌ಬುಕ್ ಸಾಕು. ದಿನಾಂಕ, ಎಷ್ಟನೇ ವಾರ, ಏನು ಮಾಡಿದಳು, ಯಾರು ನೋಡಿದರು. ಈ ನಾಲ್ಕನೇದು ಎಲ್ಲರೂ ಬಿಡ್ತಾರೆ. "ಮೊದಲ ಸಲ ಚಪ್ಪಾಳೆ ತಟ್ಟಿದ್ದು ಅಡುಗೆಮನೆಯಲ್ಲಿ, ನೋಡಿದ್ದು ಅಜ್ಜ ಒಬ್ಬರೇ" ಅನ್ನೋ ಒಂದು ಸಾಲು 40 ಫೋಟೋಕ್ಕೆ ಸಮ. ಭಾನುವಾರ ಕಳಿಸೋ ಫೋಟೋ ಕೆಳಗೂ ಇದೇ ಸಾಲು ಹಾಕಿ. "ಸೋ ಕ್ಯೂಟ್" ಅಂತ ಬರೋ ಕಡೆ ಮಾತು ಬರೋಕೆ ಶುರುವಾಗುತ್ತೆ.

ದುಬೈ_ಶುಕ್ರವಾರ

ಹೊರದೇಶದಲ್ಲಿ ಇರೋರ ವಿಡಿಯೊ ಕಾಲ್‌ಗೆ ಸಮಯ ನಿಗದಿ ಮಾಡ್ಕೊಳ್ಳಿ. ಇಲ್ಲಿ ಸಂಜೆ 6:30 ಅಂದ್ರೆ ದುಬೈನಲ್ಲಿ 5:00. ನ್ಯೂಜೆರ್ಸಿಯಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಬೆಳಗ್ಗೆ 9:00, ಉಳಿದ ತಿಂಗಳು 8:00. ಮೂರೂ ಕಡೆ ಎಚ್ಚರ ಇರೋದು ಆ ಹೊತ್ತಿನಲ್ಲೇ. ಮಗು ಆಗ ಕಿರಿಕಿರಿ ಮಾಡೋ ಹೊತ್ತಾದರೆ ಬೆಳಗ್ಗೆ 7:00ಕ್ಕೆ ಸೋದರತ್ತೆಗೆ ಮಾತ್ರ ಮಾಡಿ, ಅಲ್ಲಿ ಹಿಂದಿನ ರಾತ್ರಿ 9:30 ಇಲ್ಲಾ 8:30.

ಫೋನ್ ಕೈಯಲ್ಲಿ ಹಿಡೀಬೇಡಿ, ಅಕ್ಕಿ ಡಬ್ಬಿಗೆ ಒರಗಿಸಿಡಿ. ಕಿಟಕಿ ಮಗುವಿನ ಎದುರಿಗಿರಬೇಕು, ಬೆನ್ನ ಹಿಂದೆ ಬಂದರೆ ಅಲ್ಲಿಯವರಿಗೆ ಕಾಣೋದು ಕಪ್ಪು ನೆರಳು. ಹುಟ್ಟಿದ ಹೊಸತರಲ್ಲಿ ಮಗುವಿಗೆ ಸ್ಪಷ್ಟವಾಗಿ ಕಾಣೋದು 20-30 ಸೆಂ.ಮೀ. ಅಷ್ಟೆ, ಆಗ ಅತ್ತೆ ಎಷ್ಟು ಕೈ ಬೀಸಿದರೂ ಮಗುವಿಗೆ ಲೆಕ್ಕಕ್ಕಿಲ್ಲ, ದನಿ ಸಾಕು. ಆಮೇಲಾದರೂ ನೆಟ್ ನಿಧಾನ ಇದ್ದರೆ ಮಗು ‘ಆ’ ಅಂದದ್ದಕ್ಕೆ ಉತ್ತರ ತಡವಾಗಿ ಬರುತ್ತೆ, ಮಗು ಮುಖ ತಿರುಗಿಸುತ್ತೆ. ಅತ್ತೆಗೆ ಬೇಜಾರು. ಪಕ್ಕದಲ್ಲಿ ಕೂತವರು "ಅತ್ತೆ ನೋಡು, ಅತ್ತೆ ತಾರಮ್ಮಯ್ಯ ಆಡಿಸ್ತಿದ್ದಾಳೆ" ಅಂತ ಕೈ ಆಡಿಸಿ ನಡುವೆ ನಿಲ್ಲಬೇಕು. 5 ನಿಮಿಷ, ಹೆಚ್ಚಂದ್ರೆ 10.

ಎರಡು ವರ್ಷದ ಕೆಳಗೆ ಸ್ಕ್ರೀನ್ ಬೇಡ ಅಂತ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳೋದು ನಿಜ, ಆದರೆ ನೆಂಟರ ಜೊತೆ ಆಗಾಗ ಮಾಡೋ ವಿಡಿಯೊ ಕಾಲನ್ನ ಅದರಿಂದ ಹೊರಗಿಟ್ಟಿದ್ದಾರೆ.

ಚಳ್ಳಕೆರೆ_ಶೇಂಗಾ

ಬಟನ್ ಫೋನ್ ಮುತ್ತಜ್ಜಿಗೆ ಪ್ರಿಂಟೇ ದಾರಿ, ಬೇರೆ ಇಲ್ಲ. ತಿಂಗಳಿಗೆ ನಾಲ್ಕು ಪ್ರಿಂಟ್, 4×6 ಇಂಚು, ಲ್ಯಾಬ್‌ನಲ್ಲಿ ಮ್ಯಾಕ್ಸಿ ಅಂತಾರಲ್ಲ ಅದು. ಊರಿಗೆ ಹೋಗೋರ ಕೈಲಿ ಕೊಟ್ಟು ಕಳಿಸಿ. ವಯಸ್ಸಾದ ಕಣ್ಣಿಗೆ ಮ್ಯಾಟ್ ವಾಸಿ. ಗ್ಲಾಸಿ ಮೇಲೆ ಬಲ್ಬಿನ ಬೆಳಕು ಬಿದ್ದು ಮುಖ ಕಾಣಲ್ಲ, ಬೆರಳ ಗುರುತೂ ಬೇಗ ಕೂರುತ್ತೆ. ಇಡೀ ಕುಟುಂಬ ನಿಂತಿರೋ ಫೋಟೋ ಬೇಡ, ಮಗು ಮುಖ ಅರ್ಧ ಫೋಟೋ ತುಂಬಿರಲಿ.

ಹಿಂದೆ ಬರೆಯೋಕೆ ಬಾಲ್ ಪೆನ್ ಬೇಡ, ಒತ್ತಿದ ಗೆರೆ ಮುಂದೆ ಮಗು ಮುಖದ ಮೇಲೆ ಏಳುತ್ತೆ. ತುದಿ ಸಣ್ಣ ಇರೋ ಮಾರ್ಕರ್‌ನಲ್ಲಿ ಅಂಚಿಗೆ ಬರೆದು ಒಣಗಲು ಬಿಡಿ, ಇಲ್ಲಾಂದ್ರೆ ಮೇಲಿಟ್ಟ ಫೋಟೋಗೆ ಮಸಿ ಹತ್ತುತ್ತೆ. ಅಂಟು ಹಾಳೆಯ ಆಲ್ಬಮ್ ಕೊಡಬೇಡಿ. ನಮ್ಮ ಕಡೆ ಬೇಸಿಗೆಗೆ ಅಂಟು ಕರಗಿ ಹಳದಿ ಆಗುತ್ತೆ, ಫೋಟೋ ಕೀಳೋಕೆ ಹೋದರೆ ಹರಿಯುತ್ತೆ. ಜೇಬು ಇರೋ ಆಲ್ಬಮ್ ಕೊಡಿ.

ಮುತ್ತಜ್ಜಿಯಿಂದ ಬರಬೇಕಾದ್ದೂ ಇದೆ. ಊರಿಗೆ ಹೋದಾಗ ಅವರ ಜೋಗುಳ ಫೋನಿನ ರೆಕಾರ್ಡರ್‌ನಲ್ಲಿ ಹಿಡ್ಕೊಳ್ಳಿ. ಫ್ಯಾನ್ ಆಫ್, ಫೋನ್ ಒಂದು ಮೊಳ ದೂರ, ಬಟ್ಟೆ ಮೇಲೆ ಇಡಿ. ಮಂಚದ ಹಲಗೆ ಮೇಲಿಟ್ಟರೆ ಬಳೆ ತಾಗಿದ್ದೂ ಗುಡುಗಿನಂಗೆ ಬರುತ್ತೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ಬಂದಿದ್ದರೆ ಅದನ್ನ ಶೇರ್ ಒತ್ತಿ ಡ್ರೈವ್‌ಗೆ ಹಾಕಿ, ಚಾಟ್‌ನಲ್ಲೇ ಬಿಟ್ಟರೆ ಹುಡುಕೋಕೆ ಸಿಗಲ್ಲ.

ವಿದ್ಯಾನಗರ_ಅಪ್ಪ

ಎಲ್ಲರಿಗೂ ಧನ್ಯವಾದ. ಸಣ್ಣ ಗುಂಪು ಆಯ್ತು, ಲೊಕೇಶನ್ ಆಫ್ ಆಯ್ತು. ಪ್ರಿಂಟ್ ಬಗ್ಗೆ ಇನ್ನೊಂದು ಪ್ರಶ್ನೆ: ಲ್ಯಾಬ್‌ನಿಂದ ಬಂದ 4×6ರಲ್ಲಿ ಮಗಳ ಕುಲಾವಿ ಮೇಲ್ಗಡೆ ಕತ್ತರಿಸಿದೆ, ಫೋನಲ್ಲಿ ಪೂರ್ತಿ ಇದೆ. ಲ್ಯಾಬ್ ತಪ್ಪಾ?

ಲ್ಯಾಬ್_ಕತ್ತಲು

ಅಳತೆಯ ತಪ್ಪು. ಫೋನ್ ಫೋಟೋದ ಉದ್ದ-ಅಗಲದ ಲೆಕ್ಕ 4:3, ಪ್ರಿಂಟಿನದು 3:2. 4000×3000 ಪಿಕ್ಸೆಲ್ ಫೋಟೋದಲ್ಲಿ 4000×2667 ಮಾತ್ರ ಕಾಗದಕ್ಕೆ ಬರುತ್ತೆ, ಗಿಡ್ಡ ಬದಿಯ ಒಂಬತ್ತನೇ ಒಂದು ಪಾಲು ಹೋಗುತ್ತೆ. ಅಡ್ಡಲಾಗಿ ತೆಗೆದ ಫೋಟೋ ಆದರೆ ತಲೆ ಅಥವಾ ಕಾಲು, ಉದ್ದಲಾಗಿ ತೆಗೆದದ್ದಾದರೆ ಎಡ-ಬಲದ ಅಂಚು. ಎರಡು ದಾರಿ ಇದೆ. ತೆಗೆಯುವಾಗಲೇ ಮಗು ಸುತ್ತ ಜಾಗ ಬಿಡಿ. ಇಲ್ಲಾ ಕತ್ತರಿಸದೆ ಪೂರ್ತಿ ಕೂರಿಸಿ ಅಂತ ಹೇಳಿ, ಆಗ ಎರಡು ಬದಿಗೆ ಮೂರನೇ ಒಂದು ಇಂಚಿನ ಬಿಳಿ ಪಟ್ಟಿ ಉಳಿಯುತ್ತೆ.

ವಾಟ್ಸಾಪ್‌ನಲ್ಲಿ ಬಂದ 1600×1200 ಫೋಟೋ 4×6ಗೆ ಹೇಗೋ ನಡೆಯುತ್ತೆ. ಗೋಡೆಗೆ 8×12 ಬೇಕು ಅಂದ್ರೆ 2400×3600 ಪಿಕ್ಸೆಲ್ ಬೇಕು, ಅದಕ್ಕೆ ಮೂಲ ಫೈಲೇ ತನ್ನಿ. ಐಫೋನ್ ಆದರೆ ಕ್ಯಾಮೆರಾ ಫಾರ್ಮ್ಯಾಟ್ ‘ಮೋಸ್ಟ್ ಕಂಪ್ಯಾಟಿಬಲ್’ಗೆ ಇಡಿ, ಎಚ್‌ಇಐಸಿ (ಐಫೋನ್ ತಾನಾಗಿ ಉಳಿಸೋ ಮಾದರಿ) ಫೈಲ್ ಎಷ್ಟೋ ಅಂಗಡಿಯ ಕಂಪ್ಯೂಟರ್‌ನಲ್ಲಿ ತೆರೆಯಲ್ಲ. ಅಜ್ಜಿ ಮನೆಯ ಹಳೇ ಟಿವಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟ ವಿಡಿಯೊಗೆ ಬರೀ ದನಿ ಬಂದು ಚಿತ್ರ ಬರದಿದ್ದರೆ ಅದೂ ಇದೇ ಜಾತಿಯ ತೊಂದರೆ. ಎಚ್.264 ಅನ್ನೋ ಹಳೇ ಮಾದರಿಯ ಎಂಪಿ4 ಫೈಲ್‌ಗೆ ಬದಲಾಯಿಸಿ ಹಾಕಿ.

ಚಳ್ಳಕೆರೆ_ಶೇಂಗಾ

ಆ ಬಿಳಿ ಪಟ್ಟಿ ಕತ್ತರಿಸಬೇಡಿ. ತಾರೀಕು ಬರೆಯೋಕೆ ಅದೇ ಜಾಗ, ಹಿಂದೆ ತಿರುಗಿಸಿ ನೋಡೋ ಕೆಲಸ ತಪ್ಪುತ್ತೆ.